ಮಿಸ್, ಇವ್ಳು ಕನ್ನಡ ಮಾತಾಡಿದ್ಳು

ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಮೂರೂವರೆ ಗಂಟೆಯಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಿಲ್ಲ. ಶಾಲೆಯ ವ್ಯಾನು ತಿರುವಿನಲ್ಲಿ ಹಾರನ್ ಹೊಡೆಯುತ್ತದೆ. ಹಿಂದೆಯೇ ಎರಡೂ ಕಡೆ ಬ್ಯಾಗು ನೇತುಹಾಕಿಕೊಂಡ ಆಟೋ ಬರುತ್ತದೆ. ಮಕ್ಕಳು ಇಳಿಯುವ ಮೊದಲೇ ಅವರ ಗಲಾಟೆ ಇಳಿದಿರುತ್ತದೆ. ಜೂನ್ ಕೊನೆಯ ಒಂದು ದಿನ ಎದುರುಮನೆಯ ಹುಡುಗಿ ಮಾತ್ರ ಸದ್ದಿಲ್ಲದೆ ಇಳಿದಳು. ನಾಲ್ಕನೇ ಕ್ಲಾಸಿನವಳು. ಅವರಮ್ಮ ಆಫೀಸಿನಿಂದ ಬರುವವರೆಗೆ ಅವಳ ಠಿಕಾಣಿ ನಮ್ಮನೆ ಕಟ್ಟೆ. ಬ್ಯಾಗು ಬಿಸಾಕಿ ಕೂತವಳ ಬಾಯಿ ಬಿಡಿಸಲು ಒಂದು ಲೋಟ ಹಾಲು, ಎರಡು ಚಕ್ಕುಲಿ ಬೇಕಾದವು.

ಅವಳ ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ. ಮಾತಾಡಿದವರ ಹೆಸರು ಬರೆದಿಡಲು ಒಂದು ನೋಟ್‌ಬುಕ್ಕಿದೆ. ಅದು ದಿನಕ್ಕೊಬ್ಬರ ಕೈಗೆ ಬರುತ್ತದೆ. ಬಂದವರು ಆ ದಿನದ ಮಟ್ಟಿಗೆ ‘ಲ್ಯಾಂಗ್ವೇಜ್ ಲೀಡರ್’. ಅವತ್ತು ಅದು ಬಂದದ್ದು ಗಂಗೊಂಡನಹಳ್ಳಿ ಕಡೆಯಿಂದ ಬರುವ ಅವಳ ಗೆಳತಿಯ ಕೈಗೆ. ಊಟದ ಹೊತ್ತಿನಲ್ಲಿ ಇವಳು ಪಕ್ಕದಲ್ಲಿ ಕೂತು, “ಉಪ್ಪಿನ್ಕಾಯಿ ಕೊಡೇ” ಅಂದಳು. ಗೆಳತಿ ಉಪ್ಪಿನಕಾಯಿಯನ್ನೂ ಕೊಟ್ಟಳು, ಹೆಸರನ್ನೂ ಬರೆದಳು.

“ಮಿಸ್ ಬರ್ದಿದ್ರೆ ಪರ್ವಾಗಿಲ್ಲ ಆಂಟಿ. ಅವ್ಳ್ಯಾಕೆ ಬರೀಬೇಕಿತ್ತು?”

ಠೂ ಬಿಟ್ಟಾಗಿತ್ತು.

ಇಲ್ಲೊಂದು ತಮಾಷೆಯಿದೆ. ಆ ಗೆಳತಿಯ ಮನೆಮಾತು ಉರ್ದು. ನಮ್ಮ ಎದುರುಮನೆಯವರು ಚಿಂತಾಮಣಿ ಕಡೆಯವರು, ಮನೆಯಲ್ಲಿ ಮಾತಾಡುವುದು ತೆಲುಗು. ಎರಡು ಮನೆಮಾತುಗಳ ನಡುವೆ ಈ ಇಬ್ಬರು ಹುಡುಗಿಯರು ತಾವೇ ಹುಡುಕಿಕೊಂಡ ಕಾಲುಹಾದಿ ಕನ್ನಡ. ಚಂದ್ರಾ ಲೇಔಟು ಅಂಥ ಜಾಗ. ಒಂದು ಕಡೆ ಅತ್ತಿಗುಪ್ಪೆ, ಇನ್ನೊಂದು ಕಡೆ ಮೂಡಲಪಾಳ್ಯ, ಆಚೆ ನಾಯಂಡಹಳ್ಳಿ. ಎಂಟು ಹತ್ತು ಮನೆಗಳಿಗೆ ನಾಲ್ಕು ಭಾಷೆ ಸಿಗುತ್ತವೆ, ಈಚೆಗೆ ಹಿಂದಿಯೂ ಸೇರಿದೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಔಟಾ ನಾಟೌಟಾ ಎಂಬ ಜಗಳ ಮಾತ್ರ ಕನ್ನಡದಲ್ಲೇ ನಡೆಯುತ್ತದೆ. ಹೀಗಾಗಿ ಆ ಶಾಲೆಯ ನಿಯಮ ಮಕ್ಕಳ ಮನೆಮಾತನ್ನು ತಡೆದದ್ದಕ್ಕಿಂತ ಹೆಚ್ಚಾಗಿ ಅವರ ಗೆಳೆತನದ ಮಾತನ್ನು ತಡೆದಿತ್ತು.

ಹುಡುಗಿಗೆ ಸಮಾಧಾನ ಹೇಳಲು ಹೋದ ನನಗೆ ನನ್ನದೇ ಪಾಪ ನೆನಪಾಯಿತು. ನಾನೂ ಮಾನಿಟರ್ ಆಗಿದ್ದವಳು. ಮೇಷ್ಟ್ರು ಆಫೀಸ್ ರೂಮಿಗೆ ಹೋದರೆ ಬೋರ್ಡಿನ ಎಡಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಅಡಿಗೆರೆ ಎಳೆದು, ಸೀಮೆಸುಣ್ಣ ಹಿಡಿದು ನಿಲ್ಲುವುದು ನನ್ನ ಕೆಲಸ. ಒಂದು ಸಲ ಮಾತಾಡಿದರೆ ಹೆಸರು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಗುಣಾಕಾರದ ಗುರುತು ಹಾಕಿ ಎರಡು, ಮೂರು. ಗೆಳತಿಯ ಹೆಸರನ್ನು ನಾನು ಬರೆಯುತ್ತಿರಲಿಲ್ಲ. ಹುಡುಗರು ಅದನ್ನು ಕಂಡುಹಿಡಿದು ಕೂಗೆಬ್ಬಿಸಿದ ದಿನ, ನ್ಯಾಯವಂತೆ ಅನ್ನಿಸಿಕೊಳ್ಳುವ ಆಸೆಗೆ ಅವಳ ಹೆಸರು ಬರೆದು ಮುಂದೆ ಇಂಟು ನಾಲ್ಕು ಹಾಕಿದೆ. ಅವಳು ಅವತ್ತು ಬಾಯಿಯನ್ನೇ ಬಿಟ್ಟಿರಲಿಲ್ಲ. ಮೇಷ್ಟ್ರ ಏಟು ಅವಳು ಸಂಜೆಗೇ ಮರೆತಳು. ನನ್ನ ಅಕ್ಷರವನ್ನು ಹೈಸ್ಕೂಲು ಮುಗಿಯುವವರೆಗೂ ಮರೆಯಲಿಲ್ಲ.

ಈ ಮಾನಿಟರ್ ಎಂಬ ಪದವಿ ಎಲ್ಲಿಂದ ಬಂತು ಎಂದು ನೋಡಹೊರಟರೆ ದಾರಿ ನಮ್ಮ ಪಕ್ಕದ ಮದ್ರಾಸಿಗೇ ಹೋಗುತ್ತದೆ. 1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಣೆ ವಹಿಸಿಕೊಂಡ. ಮಲಬಾರ್ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು ತನ್ನಲ್ಲೂ ಹಾಗೆ ಮಾಡಿಸಲು ಹೊರಟ. ಉಪಾಧ್ಯಾಯರು ಒಪ್ಪಲಿಲ್ಲ. ಆಗ ಒಬ್ಬ ಹುಡುಗನನ್ನೇ ಚಿಕ್ಕವರಿಗೆ ಕಲಿಸಲು ಹಚ್ಚಿದ. ಅದು ಕೆಲಸ ಮಾಡಿತು. 1797ರಲ್ಲಿ ಲಂಡನ್ನಿನಲ್ಲಿ ಆ ಬಗ್ಗೆ ಪುಸ್ತಕ ಹೊರತಂದ. ‘ಮದ್ರಾಸ್ ಪದ್ಧತಿ’ ಎಂದು ಈ ಕ್ರಮಕ್ಕೆ ಹೆಸರಾಯಿತು. ಬೆಲ್ ಬಿಟ್ಟುಹೋದ ಹಣದಿಂದ ಕಟ್ಟಿದ ‘ಮದ್ರಾಸ್ ಕಾಲೇಜ್’ ಎಂಬ ಶಾಲೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ಇಂದಿಗೂ ಇದೆ. ಅದೇ ಕಾಲದಲ್ಲಿ ಲಂಡನ್ನಿನ ಜೋಸೆಫ್ ಲ್ಯಾಂಕಾಸ್ಟರ್ ಇಂಥದ್ದೇ ಶಾಲೆ ತೆರೆದು, ಒಬ್ಬ ಮೇಷ್ಟ್ರು ನೂರಾರು ಹುಡುಗರನ್ನು ಮಾನಿಟರುಗಳ ಮೂಲಕ ನಡೆಸಬಹುದೆಂದು ತೋರಿಸಿದ. ಈತ ಹೊಡೆತಕ್ಕೆ ವಿರೋಧಿ. ಅದರ ಬದಲು ತಪ್ಪು ಮಾಡಿದವನನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ನೇತುಹಾಕಿ ಉಳಿದವರಿಂದ ನಗಿಸುತ್ತಿದ್ದ.

ನಮ್ಮ ಕೂಲಿಮಠಗಳೇನೂ ಮೃದುವಾಗಿರಲಿಲ್ಲ. ಕೋದಂಡ ಹಾಕಿ ಹಗ್ಗಕ್ಕೆ ತೂಗುಬಿಡುತ್ತಿದ್ದ ಐಗಳ ಕಥೆ ಅಜ್ಜಂದಿರು ಹೇಳಿದ್ದನ್ನು ಕೇಳಿದ್ದೇವೆ. ಆ ಕಥೆಗಳಲ್ಲಿ ಮಕ್ಕಳ ಸಿಟ್ಟೆಲ್ಲ ಐಗಳ ಮೇಲೆ, ಐಗಳ ವಿರುದ್ಧ ಮಕ್ಕಳೆಲ್ಲ ಒಂದು. ಮಾನಿಟರ್ ಬಂದ ಮೇಲೆ ಸಿಟ್ಟಿಗೆ ಎರಡನೆಯ ವಿಳಾಸ ಸಿಕ್ಕಿತು. ಕಲಿಸಲು ನೇಮಿಸಿದ ಹುಡುಗ ಕಾಯುವ ಹುಡುಗನಾದ, ಕಾಯುವವನು ಚಾಡಿ ಹೇಳುವವನಾದ.

ಈ ಚಾಡಿಯನ್ನು ಭಾಷೆಗೆ ಹೊಂದಿಸಿದ್ದು ಎಷ್ಟು ದೇಶಗಳಲ್ಲಿ, ಎಷ್ಟು ಒಂದೇ ರೀತಿಯಲ್ಲಿ ಎಂದು ತಿಳಿದರೆ ಬೆರಗಾಗುತ್ತದೆ. ಯಾರು ಯಾರಿಂದ ಕಲಿತರೋ ಗೊತ್ತಿಲ್ಲ. ಆದರೂ ಯಂತ್ರ ಒಂದೇ.

19ನೇ ಶತಮಾನದ ವೇಲ್ಸಿನಲ್ಲಿ ಅದು ಮರದ ತುಂಡು. ‘ವೆಲ್ಷ್ ನಾಟ್’ ಎಂದು ಕೆತ್ತಿದ್ದೋ, ಬರೀ ಎರಡು ಅಕ್ಷರದ್ದೋ. ಶಾಲೆಯಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಅದು ಬೀಳುತ್ತಿತ್ತು. ಕಳಚಿಕೊಳ್ಳಲು ದಾರಿ ಒಂದೇ: ವೆಲ್ಷ್ ಆಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಕೊನೆಗೆ ಯಾರ ಕೊರಳಲ್ಲಿ ಉಳಿಯುತ್ತದೋ ಅವರಿಗೆ ಏಟು. 1847ರಲ್ಲಿ ಲಂಡನ್ ಸರ್ಕಾರ ಕಳಿಸಿದ ಮೂವರು ಆಯುಕ್ತರು ವೇಲ್ಸಿನ ಶಾಲೆಗಳ ಮೇಲೆ ದೊಡ್ಡ ವರದಿ ಬರೆದರು. ಮೂವರಿಗೂ ವೆಲ್ಷ್ ಬಾರದು, ಆ ಭಾಷೆಯನ್ನು ಬೇಕಾದಷ್ಟು ಹಳಿದರು. ವೇಲ್ಸಿನ ಜನ ಆ ವರದಿಯನ್ನು ಇಂದಿಗೂ ದ್ರೋಹವೆಂದೇ ಕರೆಯುತ್ತಾರೆ. ಅಂಥ ವರದಿಯೇ ಈ ಮರದ ತುಂಡಿನ ವಿಷಯದಲ್ಲಿ ಮುಖ ಸಿಂಡರಿಸಿತು. ಕಾರಣ, ಮಕ್ಕಳು ತಮ್ಮ ಕೊರಳಿನದನ್ನು ದಾಟಿಸಲು ಸಹಪಾಠಿಗಳ ಮನೆಗೆ ಕಳ್ಳಹೆಜ್ಜೆಯಲ್ಲಿ ಹೋಗಿ, ಅವರು ಅಪ್ಪ ಅಮ್ಮನ ಜೊತೆ ವೆಲ್ಷ್ ಆಡುವುದನ್ನು ಕದ್ದು ಕೇಳುತ್ತಿದ್ದರು.

ಅಲ್ಲಿಂದ ಪ್ರಪಂಚದ ಇನ್ನೊಂದು ತುದಿಯ ಓಕಿನಾವಾ. ರ‍್ಯೂಕ್ಯೂ ರಾಜ್ಯವನ್ನು ಜಪಾನ್ 1879ರಲ್ಲಿ ತನ್ನ ಪ್ರಾಂತ್ಯವಾಗಿ ಸೇರಿಸಿಕೊಂಡಿತು. ಅಲ್ಲಿನ ಭಾಷೆಗಳನ್ನು ‘ಉಪಭಾಷೆ’ ಎಂದು ಕರೆದು, 20ನೇ ಶತಮಾನದ ಆರಂಭದಿಂದ ಶಾಲೆಗಳಲ್ಲಿ ‘ಹೋಗೆನ್ ಫುದಾ’ ಎಂಬ ಮರದ ಹಲಗೆ ತೂಗುಹಾಕಲು ಶುರುಮಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೂ ಕೆಲವೆಡೆ ಅದು ಉಳಿದಿತ್ತು. ಓಕಿನಾವಾದ ಮಕ್ಕಳು ಒಂದು ಉಪಾಯ ಕಂಡುಕೊಂಡಿದ್ದರಂತೆ. ಕೊರಳಲ್ಲಿ ಹಲಗೆಯಿದ್ದವನು ಗೆಳೆಯನ ಕಾಲು ತುಳಿಯುವುದೋ, ಗುದ್ದುವುದೋ ಮಾಡುತ್ತಿದ್ದ. ನೋವಾದಾಗ ಯಾರ ಬಾಯಲ್ಲೂ ಜಪಾನಿ ಬರುವುದಿಲ್ಲ, “ಅಗಾ!” ಎಂಬ ಊರಿನ ಮಾತೇ ಬರುತ್ತದೆ. ಬಂತೋ, ಹಲಗೆ ಅವನ ಕೊರಳಿಗೆ. ನಮ್ಮ ಮಕ್ಕಳನ್ನು ನೆನೆದುಕೊಳ್ಳಿ. ಬೆರಳು ಬಾಗಿಲಿಗೆ ಸಿಕ್ಕಿದರೆ ಯಾವ ಕಾನ್ವೆಂಟಿನ ಮಗುವಾದರೂ “ಅಮ್ಮಾ” ಅನ್ನದೆ ಇರುತ್ತದೆಯೇ?

ಮೂರನೆಯದು ಕೀನ್ಯಾ. ಗೂಗಿ ವಾ ಥಿಯಾಂಗೊ 1938ರಲ್ಲಿ ಹುಟ್ಟಿ, 2025ರ ಮೇ ತಿಂಗಳಲ್ಲಿ ತೀರಿಕೊಂಡ ಲೇಖಕ. ಕನ್ನಡದ ಓದುಗರಿಗೂ ಚೆನ್ನಾಗಿ ಗೊತ್ತಿರುವ ಹೆಸರು. 1952ರಲ್ಲಿ ತುರ್ತುಸ್ಥಿತಿ ಬಂದು ಶಾಲೆಗಳು ವಸಾಹತು ಸರ್ಕಾರದ ಕೈಗೆ ಹೋದ ಮೇಲೆ ಗಿಕುಯು ಆಡಿದ ಮಕ್ಕಳ ಗತಿ ಏನಾಯಿತೆಂದು 1986ರ ತಮ್ಮ ‘ಡಿಕಾಲನೈಸಿಂಗ್ ದಿ ಮೈಂಡ್’ನಲ್ಲಿ ಬರೆದಿದ್ದಾರೆ. ಬೆತ್ತದ ಏಟು, ದಂಡ, ತಾನು ಕತ್ತೆ ಎಂದು ಬರೆದ ಲೋಹದ ಫಲಕ ಎಲ್ಲವೂ ಇದ್ದವು. ಹಿಡಿಯುವ ಕ್ರಮ ಒಂದು ಗುಂಡಿಯದು. ಬೆಳಿಗ್ಗೆ ಒಬ್ಬನ ಕೈಗೆ ಕೊಟ್ಟ ಗುಂಡಿ, ಗಿಕುಯು ಆಡಿದವರ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಸಂಜೆ ಕೊನೆಯವನನ್ನು ಕೇಳಿದರೆ, ಯಾರು ಕೊಟ್ಟರೆಂದು ಹೇಳುತ್ತಾನೆ. ಅವನನ್ನು ಕೇಳಿದರೆ ಹಿಂದಿನವನ ಹೆಸರು. ಇಡೀ ದಿನದ ಗೆಳೆತನಗಳ ನಕ್ಷೆಯೇ ಮೇಷ್ಟ್ರ ಮುಂದೆ ಬಿಚ್ಚಿಕೊಳ್ಳುತ್ತದೆ.

ಫ್ರಾನ್ಸಿನ ಬ್ರಿಟನಿಯಲ್ಲೂ ಹೀಗೇ, ಅಲ್ಲಿ ಕೊರಳಿಗೆ ಹಾಕುತ್ತಿದ್ದದ್ದು ಹಳೆಯ ಮರದ ಪಾದರಕ್ಷೆ. ಪಾದರಕ್ಷೆಯ ಅರ್ಥ ನಮಗೆ ಬಿಡಿಸಿ ಹೇಳಬೇಕಿಲ್ಲ.

ಚಂದ್ರಾ ಲೇಔಟಿನ ನೋಟ್‌ಬುಕ್ಕನ್ನು ಇವುಗಳ ಸಾಲಿಗೆ ಸೇರಿಸುವುದು ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ಏಟಿಲ್ಲ, ಫಲಕವಿಲ್ಲ, ಬರೀ ಹೆಸರು ತಾನೇ? ನನಗೂ ಹಾಗೇ ಅನ್ನಿಸಿತ್ತು. ಹುಡುಗಿಯನ್ನು ಇನ್ನೊಂದು ಪ್ರಶ್ನೆ ಕೇಳಿದೆ. “ಹೆಸ್ರು ಬರೀತಾರೆ ಅಂತ ಗೊತ್ತಲ್ಲ, ನೀವೆಲ್ಲ ಏನ್ ಮಾಡ್ತೀರಾ?”

“ಬುಕ್ ಇರೋರ ಹತ್ರ ಯಾರೂ ಕೂರಲ್ಲ ಆಂಟಿ. ಅವತ್ತು ಅವ್ಳ ಪಕ್ಕ ಕೂತಿದ್ದು ನಾನೊಬ್ಳೇ.”

ನನಗೆ ಆಗ ಪೂರ್ತಿ ಅರ್ಥವಾಯಿತು. ನೋಟ್‌ಬುಕ್ಕು ಬಂದ ದಿನ ಆ ಮಗು ಒಂಟಿಯಾಗಿ ಊಟ ಮಾಡುತ್ತದೆ. ಸಂಜೆ ಖಾಲಿ ಹಾಳೆ ತೋರಿಸಿದರೆ ಮಿಸ್ ನಂಬುವುದಿಲ್ಲ. ಸರಿಯಾಗಿ ಗಮನಿಸಿಲ್ಲ ಎಂದು ಅವಳಿಗೇ ಬೈಗುಳ. ಒಂದಾದರೂ ಹೆಸರು ಬೇಕು. ಹತ್ತಿರ ಕೂತವಳು ಒಬ್ಬಳೇ, ಅವಳು ಪ್ರಾಣದ ಗೆಳತಿ. ವೇಲ್ಸ್, ಓಕಿನಾವಾ, ಕೀನ್ಯಾ ಎಲ್ಲ ಕಡೆಯೂ ಲೆಕ್ಕ ಇದೇ. ಗೊತ್ತಿಲ್ಲದವರ ಮೇಲೆ ಚಾಡಿ ಹೇಳಲಾಗದು. ಬಿಚ್ಚುಮನಸ್ಸಿನಿಂದ ಮಾತಾಡುವವರು ನಮ್ಮೆದುರಿಗೇ ಮಾತಾಡುತ್ತಾರೆ, ಸಿಕ್ಕಿಬೀಳುವವರೂ ಅವರೇ.

ಅವರಮ್ಮ ಸಂಜೆ ಬಂದಾಗ ವಿಷಯ ಹೇಳಿದೆ. ಅವರು ಅಷ್ಟೇನೂ ಬೇಸರ ಮಾಡಿಕೊಳ್ಳಲಿಲ್ಲ. “ಅಕ್ಕಾ, ನಾನು ಓದಿದ್ದು ಕನ್ನಡ ಮೀಡಿಯಂ. ಮೊದಲ ಇಂಟರ್‌ವ್ಯೂನಲ್ಲಿ ಬಾಯೇ ಬರ್ಲಿಲ್ಲ. ಇವಳಿಗೆ ಹಂಗಾಗ್ಬಾರ್ದು ಅಷ್ಟೇ” ಅಂದರು. ಆ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ವೇಲ್ಸಿನಲ್ಲೂ ಮರದ ತುಂಡನ್ನು ಸರ್ಕಾರ ಕಾನೂನು ಮಾಡಿ ಹೇರಿರಲಿಲ್ಲ. ಶಾಲೆಗಳು ತಾವೇ ಹಾಕಿದವು, ಇಂಗ್ಲಿಷ್ ಬಂದರೆ ಮಗ ಉದ್ಧಾರವಾದಾನೆಂದು ಅನೇಕ ಅಪ್ಪ ಅಮ್ಮಂದಿರು ಒಪ್ಪಿಕೊಂಡಿದ್ದರು. ಇಂಗ್ಲಿಷ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಮಾತು ಕಲಿಯುವುದು ಮಾತಾಡಿಯೇ. ಆ ನೋಟ್‌ಬುಕ್ಕು ಆ ಕ್ಲಾಸಿಗೆ ಕಲಿಸಿರುವುದು ಯಾರ ಪಕ್ಕ ಕೂರಬಾರದು ಎಂಬುದನ್ನು.

ಈ ರಾಜ್ಯದಲ್ಲಿ ಶಾಲೆಯ ಭಾಷೆಯ ವ್ಯಾಜ್ಯ ಹಳೆಯದು. ಗೋಕಾಕ್ ಚಳವಳಿಯ ನಂತರ 1994ರ ಏಪ್ರಿಲಿನಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವೇ ಇರಬೇಕೆಂದು ಆದೇಶ ಹೊರಡಿಸಿತು. 2008ರಲ್ಲಿ ಹೈಕೋರ್ಟು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರುವಂತಿಲ್ಲ ಎಂದವು. ಕನ್ನಡವನ್ನು ಒಂದು ಭಾಷೆಯಾಗಿ ಎಲ್ಲ ಶಾಲೆಗಳಲ್ಲೂ ಕಲಿಸಬೇಕೆಂಬ ಕಾಯ್ದೆ 2015ರಲ್ಲಿ ಬಂತು. ಕೋರ್ಟಿನ ತೀರ್ಪನ್ನು ಒಪ್ಪುವವರಿದ್ದಾರೆ, ಒಪ್ಪದವರಿದ್ದಾರೆ. ಅದು ಹೇಳಿದ್ದು ಪಾಠದ ಮಾಧ್ಯಮದ ಬಗ್ಗೆ. ಉಪ್ಪಿನಕಾಯಿಯನ್ನು ಯಾವ ಭಾಷೆಯಲ್ಲಿ ಕೇಳಬೇಕೆಂದು ಯಾವ ನ್ಯಾಯಪೀಠವೂ ಹೇಳಿಲ್ಲ. ಆ ಬಗ್ಗೆ ಹತ್ತಿರದ ಮಾತು ಇರುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೇ ಸೆಕ್ಷನ್ ಮಗು ಭಯವಿಲ್ಲದೆ, ಆತಂಕವಿಲ್ಲದೆ ತನ್ನ ಅನಿಸಿಕೆ ಹೇಳುವಂತಿರಬೇಕು ಎನ್ನುತ್ತದೆ. ಆದರೂ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ, ಎರಡು ದಿನ ಗದ್ದಲವಾಗುತ್ತದೆ, ತಣ್ಣಗಾಗುತ್ತದೆ.

ಕನ್ನಡದ ಅಭಿಮಾನಿಗಳಿಗೂ ಒಂದು ಮಾತು. ನಾಳೆ ಯಾರಾದರೂ ಇದನ್ನು ತಿರುಗಿಸಿ, ಕನ್ನಡ ಆಡದ ಮಗುವಿನ ಹೆಸರು ಬರೆಯಲು ಇನ್ನೊಂದು ಮಗುವನ್ನು ನೇಮಿಸಿದರೆ ಅದೂ ಅದೇ ನೋಟ್‌ಬುಕ್ಕೇ. ಗಂಗೊಂಡನಹಳ್ಳಿಯ ಹುಡುಗಿ ಕನ್ನಡ ಕಲಿತದ್ದು ದಂಡದಿಂದಲ್ಲ, ಚಿಂತಾಮಣಿಯ ತೆಲುಗು ಹುಡುಗಿಯ ಜೊತೆ ಕುಂಟೆಬಿಲ್ಲೆ ಆಡಿ.

ಹಾಗಾದರೆ ನಿಯಮವೇ ಬೇಡವೇ? ಮಕ್ಕಳು ನಿಯಮವಿಲ್ಲದೆ ಒಂದು ಗಳಿಗೆಯೂ ಇರುವವರಲ್ಲ. ತಮ್ಮದೇ ಆದ ಕಾನೂನು ಪುಸ್ತಕವನ್ನು ಅವರು ಬಾಯಲ್ಲಿಟ್ಟುಕೊಂಡಿರುತ್ತಾರೆ. ಎಂಜಲು ತಿನ್ನಬಾರದು ಎನ್ನುವುದು ಹಿರಿಯರ ಶಾಸನ. ಒಂದೇ ಸೀಬೆಕಾಯಿ ಇದ್ದಾಗ ಇಬ್ಬರು ತಿನ್ನುವುದು ಹೇಗೆ? ಅಂಗಿಯ ತುದಿಯನ್ನು ಅದರ ಮೇಲೆ ಹೊದಿಸಿ, ಬಟ್ಟೆಯ ಮೇಲಿಂದ ಕಚ್ಚಿ ತುಂಡು ಮಾಡಿದರೆ ಅದು ಕಾಗೆ ಎಂಜಲು. ಕೆಲವು ಕಡೆ ಗುಬ್ಬಿ ಎಂಜಲು. ಎಂಜಲಾಯಿತು, ಆದರೆ ಎಂಜಲಲ್ಲ. ಜಾತಿ, ಮಡಿ, ಆರೋಗ್ಯಶಾಸ್ತ್ರ ಮೂರಕ್ಕೂ ಒಟ್ಟಿಗೆ ಚಳ್ಳೆಹಣ್ಣು ತಿನ್ನಿಸಿದ ಇಷ್ಟು ಜಾಣ ಕಾನೂನನ್ನು ಯಾವ ವಿಧಾನಸಭೆಯೂ ಮಾಡಿಲ್ಲ. ಠೂ ಬಿಡುವುದಕ್ಕೂ ಕ್ರಮವಿದೆ: ಎದುರಿಗೆ ನಿಂತು ಹೇಳಿಯೇ ಬಿಡಬೇಕು. ಈ ಕಾನೂನುಗಳಲ್ಲಿ ಗುಟ್ಟಾಗಿ ಹೆಸರು ಬರೆಯುವ ಅಧಿಕಾರಿ ಎಂಬುವನಿಲ್ಲ.

ದೊಡ್ಡವರು ಮಾಡಿದ ನಿಯಮಗಳಲ್ಲೂ ಮಕ್ಕಳನ್ನು ಹತ್ತಿರ ತರುವಂಥವು ಇವೆ. ಜಪಾನಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಮಕ್ಕಳೇ ಸರದಿಯ ಮೇಲೆ ಬಡಿಸುತ್ತಾರೆ, ತರಗತಿಯನ್ನು ಎಲ್ಲರೂ ಸೇರಿ ಒರೆಸುತ್ತಾರೆ. ಆ ವೀಡಿಯೊಗಳನ್ನು ನಮ್ಮ ಲೇಔಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ತಿಂಗಳಿಗೊಮ್ಮೆ ಯಾರಾದರೂ ಹಾಕಿ, ‘ನಮ್ಮಲ್ಲಿ ಯಾವಾಗ’ ಎಂದು ಕೇಳುತ್ತಾರೆ. ನಮ್ಮಲ್ಲಿ ಪೊರಕೆ ಅಷ್ಟು ಸರಳವಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಅದೇ ತಿಂಗಳು ಬೆಂಗಳೂರಿನ ಪಶ್ಚಿಮದಂಚಿನ ಸರ್ಕಾರಿ ಶಾಲೆಯೊಂದರಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ್ದೂ ಬಯಲಾಯಿತು. ಪೊರಕೆ ಸರದಿಯಲ್ಲಿ ಎಲ್ಲರ ಕೈಗೂ ಬರುತ್ತದೆಂಬ ಖಾತ್ರಿ ಇಲ್ಲದ ಕಡೆ ಜಪಾನಿನ ನಿಯಮ ತಂದರೆ ಅದು ಯಾರ ಕೈಯಲ್ಲಿ ನಿಲ್ಲುತ್ತದೆಂದು ನಮಗೆಲ್ಲ ಗೊತ್ತು.

ನಮಗೆ ಒಗ್ಗುವಂಥವು ಪಕ್ಕದಲ್ಲೇ ಇವೆ. 2024ರ ಮಲಯಾಳಂ ಚಿತ್ರ ‘ಸ್ಥಾನಾರ್ಥಿ ಶ್ರೀಕುಟ್ಟನ್’ ನೋಡಿದ ಮೇಲೆ ಕೇರಳದ ಕೆಲವು ಶಾಲೆಗಳು ಬೆಂಚುಗಳನ್ನು ಗೋಡೆಗುಂಟ ಜೋಡಿಸಿ ‘ಲಾಸ್ಟ್ ಬೆಂಚ್’ ಎಂಬುದನ್ನೇ ತೆಗೆದುಹಾಕಿದವು. ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಆಗದು ಎಂಬ ತಕರಾರು ನಿಜವೇ. ಇನ್ನೊಂದು ಇದಕ್ಕಿಂತ ಸುಲಭದ್ದು. 2019ರ ಕೊನೆಯಲ್ಲಿ, ನಮ್ಮ ಪಕ್ಕದ ರಾಜಾಜಿನಗರದ ಶಾಸಕರೂ ಆಗಿದ್ದ ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್, ಕೇರಳದ ಮಾದರಿ ನೋಡಿ ಇಲ್ಲೂ ‘ವಾಟರ್ ಬೆಲ್’ ಬಾರಿಸಬೇಕೆಂದರು. ಗಂಟೆ ಹೊಡೆದಾಗ ಎಲ್ಲ ಮಕ್ಕಳೂ ನೀರು ಕುಡಿಯಬೇಕು. ನಿಯಮವೆಂದರೆ ಇದು. ಬಾಟಲಿ ಮರೆತವನು ಪಕ್ಕದವನನ್ನು ಕೇಳಬೇಕಾಗುತ್ತದೆ, ಪಕ್ಕದವನು ಎತ್ತಿ ಕುಡಿ ಅನ್ನುತ್ತಾನೆ. ಯಾರು ಕುಡಿಯಲಿಲ್ಲವೆಂದು ಬರೆದಿಡಲು ಯಾರನ್ನೂ ನಿಲ್ಲಿಸಬೇಕಿಲ್ಲ.

ಗೆಳೆತನವನ್ನೇ ನಿಯಮಿಸಹೊರಡುವ ಶಾಲೆಗಳೂ ಇವೆ. 2017ರಲ್ಲಿ ಬ್ರಿಟನ್ನಿನ ರಾಜಕುಮಾರ ಜಾರ್ಜ್ ಸೇರಿದ ಲಂಡನ್ನಿನ ಶಾಲೆ ‘ಬೆಸ್ಟ್ ಫ್ರೆಂಡ್’ ಎಂಬುದನ್ನು ಉತ್ತೇಜಿಸುವುದಿಲ್ಲ ಎಂದು ಪತ್ರಿಕೆಗಳು ಬರೆದವು. ಒಬ್ಬರಿಗೊಬ್ಬರು ಅಂಟಿಕೊಂಡರೆ ಉಳಿದವರು ಹೊರಗುಳಿಯುತ್ತಾರೆ ಎಂಬ ಕಾಳಜಿ. ನಮ್ಮ ಶಾಲೆಗಳು ಇಷ್ಟೆಲ್ಲ ತತ್ವ ಹೇಳದೆ ಪ್ರತಿ ಜೂನ್‌ನಲ್ಲೂ ‘ಎ’ ಸೆಕ್ಷನ್ನಿನವರನ್ನು ‘ಸಿ’ಗೆ ಕಲಸಿ ಅದೇ ಕೆಲಸ ಮಾಡುತ್ತವೆ. ಮಕ್ಕಳು ವಾರ ಅತ್ತು ಹೊಸಬರನ್ನು ಹುಡುಕಿಕೊಳ್ಳುತ್ತಾರೆ, ಹಳಬರನ್ನು ವ್ಯಾನಿನಲ್ಲಿ ಹಿಡಿಯುತ್ತಾರೆ. ಕಲಸಿದ್ದಕ್ಕೆ ಶಾಲೆಯನ್ನು ಬೈದುಕೊಳ್ಳುತ್ತಾರೆ, ಪರಸ್ಪರ ಬೈದುಕೊಳ್ಳುವುದಿಲ್ಲ.

ನಮ್ಮ ಕಟ್ಟೆಯ ಹುಡುಗಿಯ ಠೂ ನಾಲ್ಕು ದಿನ ನಡೆಯಿತು. ಐದನೆಯ ದಿನ ಅವಳ ಯೂನಿಫಾರ್ಮಿನ ತುದಿಯಲ್ಲಿ ಸೀಬೆಕಾಯಿಯ ಒದ್ದೆ ಗುರುತಿತ್ತು. ರಾಜಿಯಾಯಿತೇ ಎಂದು ಕೇಳಿದೆ. “ಹೂಂ, ಆದ್ರೆ ಬುಕ್ ಇದ್ದ ದಿನ ಮಾತಾಡ್ಬಾರ್ದು ಅಂತ ಮಾಡ್ಕೊಂಡಿದೀವಿ” ಅಂದಳು. ಮೂವತ್ತೆಂಟು ಮಕ್ಕಳ ಕ್ಲಾಸು. ಅವಳ ಸರದಿ ಇನ್ನೂ ಬಂದಿಲ್ಲ.

ಈ ಶನಿವಾರವೋ ಬರುವ ಶನಿವಾರವೋ ನಿಮ್ಮ ಮಗುವಿನ ಶಾಲೆಯಲ್ಲೂ ಪೋಷಕರ ಸಭೆ ಇರಬಹುದು. ಮಾರ್ಕ್ಸು, ಫೀಸು, ಹೋಂವರ್ಕಿನ ಮಾತೆಲ್ಲ ಮುಗಿದ ಮೇಲೆ ಒಂದು ನಿಮಿಷ ಉಳಿಸಿಕೊಂಡು, ಹೆಸರು ಬರೆಯುವ ನೋಟ್‌ಬುಕ್ಕು ಯಾರ ಕೈಯಲ್ಲಿದೆ ಎಂದು ಕೇಳಿ. ಮಗುವಿನ ಕೈಯಲ್ಲಿದ್ದರೆ ಅದನ್ನು ವಾಪಸ್ ತೆಗೆದುಕೊಳ್ಳಲು ಹೇಳಿ.